ತಿರುಗುವ ತಟ್ಟೆಗಳ ಉಗ್ರಾಣ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಂಜೆಯ ಹೊತ್ತು ನಡೆಯುವುದೆಂದರೆ ಭುಜಕ್ಕೆ ಭುಜ ತಾಗಿಸಿಕೊಂಡು ಸಾಗುವುದೆಂದೇ ಅರ್ಥ. ಬಟ್ಟೆಯಂಗಡಿ, ಬಂಗಾರದಂಗಡಿ, ಪಾತ್ರೆಯಂಗಡಿಗಳನ್ನು ದಾಟಿ ಒಂದು ಅಡ್ಡರಸ್ತೆಗೆ ಹೊರಳಿದರೆ ಮಹಡಿಯ ಮೇಲೆ ಹಳೆಯದೊಂದು ಫೋಟೋ ಸ್ಟುಡಿಯೋ ಉಂಟು. ಅದರ ಯಜಮಾನರು ವಯಸ್ಸಿನಲ್ಲಿ ನಮಗಿಂತ ಬಹಳ ಹಿರಿಯರು, ಆದರೂ ಸ್ನೇಹಿತರು. ಅವರ ತಂದೆಯವರು ಗಾಜಿನ ಫಲಕಗಳ ಮೇಲೆ ಚಿತ್ರ ತೆಗೆಯುತ್ತಿದ್ದರು. ತರುವಾಯ ಫಿಲ್ಮಿನ ಕಾಲ ಬಂದಿತು. ಈಗ ಸುಮಾರು ಇಪ್ಪತ್ತು ವರ್ಷಗಳಿಂದ ಎಲ್ಲವೂ ಡಿಜಿಟಲ್ ಕ್ಯಾಮೆರಾದ ಕೆಲಸ. ಚಿತ್ರಗಳೆಲ್ಲ ಅಂಕೆಗಳಾಗಿ ಗಣಕಯಂತ್ರದ ಡಿಸ್ಕುಗಳಲ್ಲಿ ಕುಳಿತಿವೆ.

ಊರಿನ ಛಾಯಾಚಿತ್ರಗಾರರಿಗೆ ಮದುವೆ ಮುಂಜಿಗಳ ಕೆಲಸವಲ್ಲದೆ ಇನ್ನೊಂದು ಕೆಲಸವೂ ಇರುವುದನ್ನು ನಮ್ಮ ತರುಣ ಓದುಗರು ಗಮನಿಸಿರಲಿಕ್ಕಿಲ್ಲ. ಮನೆಯ ಹಿರಿಯರು ತೀರಿಕೊಂಡಾಗ ಹಾರ ಹಾಕಿ ಇಡಲು ದೊಡ್ಡದೊಂದು ಪಟ ಬೇಕಾಗುವುದು. ಮನೆಯಲ್ಲಿ ಒಳ್ಳೆಯ ಚಿತ್ರ ಸಿಕ್ಕದೆ ಹೋದರೆ ಜನ ನೇರವಾಗಿ ಸ್ಟುಡಿಯೋಕ್ಕೆ ಬರುವರು: "ಹತ್ತು ವರ್ಷದ ಹಿಂದೆ ನಮ್ಮ ಮನೆಯ ಮದುವೆಗೆ ನೀವೇ ಬಂದಿದ್ದಿರಿ; ಅದರಲ್ಲಿ ಅಪ್ಪಯ್ಯ ಇದ್ದಾರೆ, ನೋಡಿ." ಆ ಕುಟುಂಬದ ನೆನಪಿನ ಕೊನೆಯ ಪ್ರತಿ ಅನೇಕ ವೇಳೆ ಅಂಗಡಿಯ ಕಪಾಟಿನಲ್ಲಿಯೇ ಇರುವುದು.

ಒಂದು ಮಳೆಗಾಲದ ಬೆಳಿಗ್ಗೆ ತೀರ್ಥಹಳ್ಳಿಯ ಕಡೆಯ ಹೆಣ್ಣುಮಗಳೊಬ್ಬರು ಹೀಗೆಯೇ ಬಂದರು. ಅವರದೇ ಮದುವೆಯ ಚಿತ್ರಗಳು; ಧಾರೆಯ ಹೊತ್ತಿನಲ್ಲಿ ತಂದೆ ಪಕ್ಕದಲ್ಲಿ ನಿಂತದ್ದು ಅವರಿಗೆ ಚೆನ್ನಾಗಿ ನೆನಪಿದೆ. ಯಜಮಾನರು ಕಪಾಟಿನಿಂದ ಆ ವರ್ಷದ ಚೀಟಿ ಅಂಟಿಸಿದ ಡಿಸ್ಕನ್ನು ತೆಗೆದು ತಂತಿ ಜೋಡಿಸಿದರು. ಒಳಗಿನಿಂದ "ಟಕ್, ಟಕ್" ಎಂಬ ಸದ್ದು ಮಾತ್ರ ಬಂದಿತು. ಅರ್ಧ ಗಂಟೆ ಪ್ರಯತ್ನಿಸಿದರೂ ಅಷ್ಟೆ. ಆ ಹೆಣ್ಣುಮಗಳು ಏನೂ ಹೇಳದೆ ಮೆಟ್ಟಿಲಿಳಿದು ಹೋದರಂತೆ.

ಆ ಸಂಜೆ ಯಜಮಾನರು ನಮ್ಮೊಡನೆ ಹೇಳಿದ ಮಾತು ಇದು: "ಮೇಷ್ಟ್ರೇ, ಫಿಲ್ಮಾಗಿದ್ದರೆ ಬೂಷ್ಟು ಹಿಡಿದರೂ ಮುಖ ಕಾಣೋದು. ಇದರಲ್ಲಿ ಇದ್ದರೆ ಎಲ್ಲಾ ಇದೆ, ಇಲ್ಲದಿದ್ದರೆ ಒಂದು ಕೂದಲೂ ಇಲ್ಲ."

ಅವರ ಕಪಾಟಿನಲ್ಲಿ ಅಂತಹ ಬಿಡಿ ಡಿಸ್ಕುಗಳು ಇನ್ನೂ ಏಳು ಇದ್ದವು. ಅವುಗಳಲ್ಲಿದ್ದುದನ್ನೆಲ್ಲ ಒಂದೆಡೆ ಸೇರಿಸಿ, ಒಂದು ಡಿಸ್ಕು ಸತ್ತರೂ ಚಿತ್ರ ಉಳಿಯುವಂತೆ ಮಾಡಿಕೊಡುವ ಕೆಲಸವನ್ನು ನಾವು ಒಪ್ಪಿಕೊಂಡೆವು. ಬಿ.ಎಸ್‌ಸಿ. ತರಗತಿಯ ಇಬ್ಬರು ವಿದ್ಯಾರ್ಥಿಗಳು ಜೊತೆಗೆ ಬಂದರು. ಆ ಕೆಲಸದ ವೃತ್ತಾಂತವೇ ಈ ಲೇಖನ. ಅದರಲ್ಲಿ ನಮ್ಮದೊಂದು ದೊಡ್ಡ ತಪ್ಪಿನ ಕಥೆಯೂ ಸೇರಿದೆ.

ಪ್ರಥಮತಃ ಆ "ಟಕ್ ಟಕ್" ಏನೆಂಬುದನ್ನು ತಿಳಿಯೋಣ. ಮೇಜಿನ ಗಣಕಗಳಲ್ಲಿರುವ ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ಇರುತ್ತವೆ. ತಟ್ಟೆಯ ವ್ಯಾಸ ಸುಮಾರು 95 ಮಿಲಿಮೀಟರ್. ಅನೇಕ ಡಿಸ್ಕುಗಳಲ್ಲಿ ಅದು ನಿಮಿಷಕ್ಕೆ 7,200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುವುದು. ಪರಿಧಿಯನ್ನು 120ರಿಂದ ಗುಣಿಸಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 36 ಮೀಟರ್ ಎಂದು ಬರುತ್ತದೆ. ಗಂಟೆಗೆ 129 ಕಿಲೋಮೀಟರ್. ನಮ್ಮೂರಿನಿಂದ ಬೆಂಗಳೂರಿಗೆ ಹೋಗುವ ಬಸ್ಸು ಈ ವೇಗದಲ್ಲಿ ಓಡುವುದನ್ನು ನಾವು ಬಯಸುವುದಿಲ್ಲ. ಇಂತಹ ತಟ್ಟೆಯ ಮೇಲೆ ಓದುವ ಮತ್ತು ಬರೆಯುವ ಶಿರವು ಗಾಳಿಯ ತೆಳು ಪದರದ ಮೇಲೆ ತೇಲುತ್ತ ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ಸಂಚರಿಸುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಎಪ್ಪತ್ತು ಎಂಬತ್ತು ಸಾವಿರ ನ್ಯಾನೋಮೀಟರು! ಆ ಶಿರ ಕೆಟ್ಟರೆ, ಅಥವಾ ತಟ್ಟೆಯನ್ನು ಉಜ್ಜಿದರೆ, ತಾನು ಎಲ್ಲಿರುವೆನೆಂದು ತಿಳಿಸುವ ಗುರುತುಗಳು ಅದಕ್ಕೆ ಸಿಕ್ಕುವುದಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಹುಡುಕುತ್ತದೆ, ಮತ್ತೆ ಹಿಂದಕ್ಕೆ ಹೋಗುತ್ತದೆ. ಆ ಹೋಗಿ ಬರುವ ಸದ್ದೇ ಟಕ್ ಟಕ್.

ತಟ್ಟೆಯ ಮೇಲೆ ಬರೆದಿರುವುದಾದರೂ ಏನು? ಕಾಂತತ್ವ. ಒಂದೊಂದು ಸಣ್ಣ ಜಾಗದ ಕಾಂತಕಣಗಳು ಒಂದು ದಿಕ್ಕಿಗೋ ಅದರ ವಿರುದ್ಧ ದಿಕ್ಕಿಗೋ ಮುಖ ಮಾಡಿರುತ್ತವೆ; ಅದರಿಂದಲೇ ಸೊನ್ನೆ ಒಂದುಗಳ ಲಿಪಿ ಹುಟ್ಟುವುದು. ಬಹುಕಾಲದವರೆಗೆ ತಟ್ಟೆಗಳಿಗೆ ಬಳಿಯುತ್ತಿದ್ದುದು ಕಬ್ಬಿಣದ ಆಕ್ಸೈಡು, ಎಂದರೆ ತುಕ್ಕಿನ ದಾಯಾದಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದ ಕೆಮ್ಮಣ್ಣುಗುಂಡಿಯ ಹೆಸರಿನಲ್ಲಿಯೇ ಇರುವ ಕೆಂಪು ಕೂಡ ಕಬ್ಬಿಣದ ಆಕ್ಸೈಡಿನದೇ. 1923ರಲ್ಲಿ ಆ ಕಾರ್ಖಾನೆಯ ಕುಲುಮೆಯಿಂದ ಕಬ್ಬಿಣ ಹರಿದಾಗ, ಇದೇ ಕುಲದ ವಸ್ತು ಮುಂದೊಂದು ದಿನ ಮದುವೆಯ ಚಿತ್ರಗಳನ್ನು ಕಾಯುವುದೆಂದು ಯಾರೂ ಎಣಿಸಿರಲಾರರು. ಇಂದಿನ ತಟ್ಟೆಗಳಲ್ಲಿ ಕೋಬಾಲ್ಟ್, ಕ್ರೋಮಿಯಂ, ಪ್ಲಾಟಿನಂಗಳ ಮಿಶ್ರಲೋಹ ಆ ಸ್ಥಾನವನ್ನು ಪಡೆದಿದೆ. ಇಷ್ಟು ಸಣ್ಣ ಕಾಂತಗಳನ್ನು ಓದಲು ಸಾಧ್ಯವಾದುದು 1988ರಲ್ಲಿ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಹಿಡಿದ ದೈತ್ಯ ಕಾಂತರೋಧದ ದೆಸೆಯಿಂದ. ಅದಕ್ಕಾಗಿ 2007ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಡಿಸ್ಕುಗಳ ವಂಶದ ಮೂಲಪುರುಷನನ್ನು ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳು. ಎಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ನಮ್ಮ ಯಜಮಾನರ ಇಂದಿನ ಕ್ಯಾಮೆರಾದ ಒಂದೇ ಒಂದು ಚಿತ್ರ ಅದರಲ್ಲಿ ಹಿಡಿಸುವುದೇ ಕಷ್ಟ.

ಈಗ ಕೆಲಸಕ್ಕೆ ಬರೋಣ. ಯಜಮಾನರ ಹಳೆಯ ಗಣಕವೊಂದನ್ನು ಒರೆಸಿ ಅದಕ್ಕೆ ಲಿನಕ್ಸ್ ಹಾಕಿದೆವು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ಆರಂಭಿಸಿದ ಈ ವ್ಯವಸ್ಥೆ ಇಂದು ಲೋಕದ ಬಹುಪಾಲು ಸರ್ವರುಗಳನ್ನು ನಡೆಸುತ್ತಿದೆ, ಹಣ ಕೊಡಬೇಕಾದ್ದಿಲ್ಲ. ವ್ಯವಸ್ಥೆಗೆಂದು ಒಂದು ಸಣ್ಣ ಡಿಸ್ಕನ್ನು ಪ್ರತ್ಯೇಕವಾಗಿ ಇಟ್ಟೆವು. ಇದು ಮುಂದೆ ನಮ್ಮ ಮಾನ ಉಳಿಸಿತು. ಚಿತ್ರಗಳಿಗಾಗಿ 4 ಟೆರಾಬೈಟಿನ ಎರಡು ಹೊಸ ಡಿಸ್ಕುಗಳನ್ನು ತಂದೆವು, ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ಅಂಗಡಿಯಿಂದ.

ಯಜಮಾನರು ಕೇಳಿದರು, ಬೇರೆ ಬೇರೆ ಏಕೆ? ಇದಕ್ಕೆ ಸಂಭವನೀಯತೆಯ ಗಣಿತವೇ ಉತ್ತರ. ಒಂದು ಡಿಸ್ಕು ಒಂದು ವರ್ಷದಲ್ಲಿ ಕೆಡುವ ಸಂಭವ 100ಕ್ಕೆ 2 ಎಂದಿಟ್ಟುಕೊಳ್ಳೋಣ. ಎರಡರಲ್ಲಿಯೂ ಒಂದೇ ಚಿತ್ರ ಇದ್ದರೆ, ಎರಡೂ ಅದೇ ವರ್ಷ ಕೆಡುವ ಸಂಭವ 2/100ನ್ನು 2/100ರಿಂದ ಗುಣಿಸಿದಷ್ಟು, ಎಂದರೆ 10,000ಕ್ಕೆ 4. ಆದರೆ ಈ ಗುಣಾಕಾರ ಸರಿಯಾಗಬೇಕಾದರೆ ಒಂದರ ಸಾವಿಗೂ ಇನ್ನೊಂದರ ಸಾವಿಗೂ ಸಂಬಂಧ ಇರಕೂಡದು. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಹುಟ್ಟಿ, ಒಂದೇ ಲಾರಿಯಲ್ಲಿ ಕುಲುಕಾಡಿ ಬಂದ ಅವಳಿಗಳಿಗೆ ಸಂಬಂಧ ಇಲ್ಲವೆಂದು ಹೇಗೆ ಹೇಳುವುದು? ಪಠ್ಯಪುಸ್ತಕದಲ್ಲಿ "ಪರಸ್ಪರ ಸ್ವತಂತ್ರ ಘಟನೆಗಳು" ಎಂದು ಓದಿ ಮುಂದಕ್ಕೆ ಹೋಗುತ್ತೇವಲ್ಲ, ಆ ಎರಡು ಪದಗಳ ಬೆಲೆ ಇಂತಹ ಕಡೆ ತಿಳಿಯುತ್ತದೆ.

ಎರಡು ಡಿಸ್ಕುಗಳಲ್ಲಿ ಒಂದೇ ಸಂಗತಿಯನ್ನು ಏಕಕಾಲಕ್ಕೆ ಬರೆಯುವುದಕ್ಕೆ ಪ್ರತಿಬಿಂಬ ಕ್ರಮವೆನ್ನೋಣ. ಡಿಸ್ಕುಗಳನ್ನು ಹೀಗೆ ಒಗ್ಗೂಡಿಸುವ ನಾನಾ ಕ್ರಮಗಳನ್ನು ವರ್ಗೀಕರಿಸಿ 'ರೇಯ್ಡ್' ಎಂಬ ಹೆಸರಿಟ್ಟವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್. ಅವರ ಪ್ರಬಂಧ ಪ್ರಕಟವಾದುದು 1988ರಲ್ಲಿ. ಮೂರು ಡಿಸ್ಕುಗಳಿದ್ದರೆ ಇನ್ನೂ ಚಮತ್ಕಾರದ ಕ್ರಮವೊಂದುಂಟು: ಎರಡರಲ್ಲಿ ಮಾಹಿತಿ, ಮೂರನೆಯದರಲ್ಲಿ ಆ ಎರಡರ ಸಮ-ಬೆಸ ಲೆಕ್ಕ. ಮೊದಲನೆಯದರಲ್ಲಿ 1, ಎರಡನೆಯದರಲ್ಲಿ 0 ಇದ್ದರೆ ಮೂರನೆಯದರಲ್ಲಿ 1. ಎರಡೂ ಒಂದೇ ಆಗಿದ್ದರೆ 0. ಯಾವ ಒಂದು ಡಿಸ್ಕನ್ನು ಕಿತ್ತು ಬಿಸುಟರೂ ಉಳಿದೆರಡರಿಂದ ಅದನ್ನು ಮತ್ತೆ ಲೆಕ್ಕಹಾಕಬಹುದು. ಓದುಗರು ಕಾಗದದ ಮೇಲೆ ನಾಲ್ಕು ಅಂಕೆಗಳನ್ನು ಬರೆದು ಪರೀಕ್ಷಿಸಿ ನೋಡಲಿ. ನಮಗಾದರೋ ಪ್ರತಿಬಿಂಬವೇ ಸಾಕೆನಿಸಿತು. ಕೆಟ್ಟಾಗ ಲೆಕ್ಕಾಚಾರವಿಲ್ಲದೆ ಓದಬಹುದಾದ ಪ್ರತಿ ಕೈಯಲ್ಲಿರುವುದು ಲೇಸು.

ಮೊದಲು ಲಿನಕ್ಸಿಗೆ ಯಾವ ಡಿಸ್ಕು ಯಾವ ಹೆಸರಿನಲ್ಲಿ ಕಾಣುತ್ತಿದೆ ಎಂದು ಕೇಳಬೇಕು. 'ಎಲ್‌ಎಸ್‌ಬಿಎಲ್‌ಕೆ' ಎಂಬ ಆಜ್ಞೆ ಕೊಟ್ಟರೆ ಪಟ್ಟಿ ಬರುತ್ತದೆ: ವ್ಯವಸ್ಥೆಯ ಡಿಸ್ಕು 'ಎಸ್‌ಡಿಎ', ಹೊಸವು 'ಎಸ್‌ಡಿಬಿ' ಮತ್ತು 'ಎಸ್‌ಡಿಸಿ'. ಈ ಹೆಸರುಗಳನ್ನು ನಂಬಿ ಕೂರುವಂತಿಲ್ಲ. ಇವು "ಗಾಂಧಿ ಬಜಾರಿನಲ್ಲಿ ಎಡಗಡೆಯಿಂದ ಮೂರನೆಯ ಅಂಗಡಿ" ಎಂದಂತೆ. ನಡುವೆ ಒಂದು ಹೊಸ ಅಂಗಡಿ ಬಂದರೆ ಮೂರನೆಯದು ನಾಲ್ಕನೆಯದಾಗುತ್ತದೆ. ಗಣಕವನ್ನು ಮತ್ತೆ ಚಾಲೂ ಮಾಡಿದಾಗ ಬಿ ಎಂಬುದು ಸಿ ಆಗಬಹುದು. ಆದಕಾರಣ ಪ್ರತಿ ಡಿಸ್ಕಿನ ಮೈಮೇಲೆ ಅಚ್ಚಾಗಿರುವ ಕ್ರಮಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಡಿಸ್ಕಿನ ಬೆನ್ನಿಗೂ ಚೀಟಿ ಅಂಟಿಸಿದೆವು. ಒಂದು ಕೆಟ್ಟಾಗ ಒಳ್ಳೆಯದನ್ನು ಕಿತ್ತು ಎಸೆದವರ ಕಥೆಗಳು ಈ ವೃತ್ತಿಯಲ್ಲಿ ಬೇಕಾದಷ್ಟಿವೆ.

'ಎಂಡಿಆಡ್ಮ್' ಎಂಬ ಸಲಕರಣೆಯಿಂದ ಎರಡನ್ನೂ ಪ್ರತಿಬಿಂಬವಾಗಿ ಜೋಡಿಸಿದೆವು. ಜೋಡಿಗೆ 'ಎಂಡಿ0' ಎಂದು ಹೆಸರು. ಆಜ್ಞೆ ಕೊಡುವುದು ಒಂದು ನಿಮಿಷದ ಕೆಲಸ. ಆದರೆ ಎರಡು ಡಿಸ್ಕುಗಳನ್ನೂ ಮೊದಲಿನಿಂದ ಕೊನೆಯವರೆಗೆ ಸಮ ಮಾಡಲು ಗಣಕ ತನ್ನ ಕಾಲವನ್ನು ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ 4 ಟೆರಾಬೈಟ್ ಎಂದರೆ 26,600 ಸೆಕೆಂಡಿಗೂ ಹೆಚ್ಚು, ಸುಮಾರು ಏಳೂವರೆ ಗಂಟೆ. ಅಂಗಡಿ ಮುಚ್ಚಿ ಮನೆಗೆ ಬಂದೆವು. ಮರುದಿನ ಗಣಕವನ್ನು ಮತ್ತೆ ಚಾಲೂ ಮಾಡಿದಾಗ ಜೋಡಿಯ ಹೆಸರು 'ಎಂಡಿ127' ಆಗಿ ಕುಳಿತಿತ್ತು! ವಿದ್ಯಾರ್ಥಿಗಳು ಗಾಬರಿಯಾದರು. ಕಾರಣ ಬಹಳ ಸರಳ: ಜೋಡಿಯ ವಿವರವನ್ನು ಎಂಡಿಆಡ್ಮಿನ ಸಂರಚನಾ ಕಡತದಲ್ಲಿ ಬರೆದು, ಆರಂಭಕ್ಕೆ ಬೇಕಾದ ಸಣ್ಣ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿಸುವುದನ್ನು ನಾವು ಮರೆತಿದ್ದೆವು. ಬರೆದ ಮೇಲೆ ಹೆಸರು ಸರಿಹೋಯಿತು.

ಇದರ ಮೇಲೆ ಬರುವುದೇ ಈ ಲೇಖನದ ಮುಖ್ಯ ವಿಷಯ: ಎಲ್‌ವಿಎಂ, ಎಂದರೆ ತಾರ್ಕಿಕ ಸಂಪುಟಗಳ ನಿರ್ವಾಹಕ. ಲಿನಕ್ಸಿಗೆ ಇದನ್ನು 1998ರಲ್ಲಿ ಮೊದಲು ಬರೆದವರು ಹೈನ್ಸ್ ಮಾವೆಲ್ಸ್‌ಹಾಗೆನ್.

ಅಡಿಕೆ ಮಂಡಿಯನ್ನು ಕಂಡ ಶಿವಮೊಗ್ಗದವರಿಗೆ ಎಲ್‌ವಿಎಂ ತಿಳಿಯುವುದು ಕಷ್ಟವಲ್ಲ. ಮಂಡಿಯವರಿಗೆ ಮೂರು ಗೋದಾಮುಗಳಿವೆಯೆನ್ನಿ, ಒಂದೊಂದು ಒಂದೊಂದು ಅಳತೆಯದು. ರಾಶಿಗೆ ಒಂದು ಗೋದಾಮು, ಬೆಟ್ಟೆಗೆ ಒಂದು, ಗೊರಬಲಿಗೆ ಒಂದು ಎಂದು ಗೋಡೆ ಹಾಕಿ ಹಂಚಿಬಿಟ್ಟರೆ, ರಾಶಿ ಹೆಚ್ಚು ಬಂದ ವರ್ಷ ಅದಕ್ಕೆ ಜಾಗವಿಲ್ಲ; ಪಕ್ಕದ ಗೊರಬಲಿನ ಗೋದಾಮು ಅರ್ಧ ಖಾಲಿ. ಹಳೆಯ ಕ್ರಮದಲ್ಲಿ ಡಿಸ್ಕನ್ನು ಭಾಗಗಳಾಗಿ ಕಡಿದು ಹಂಚುತ್ತಿದ್ದುದು ಹೀಗೆಯೇ. ಜಾಣ ಗುಮಾಸ್ತರೊಬ್ಬರು ಇದ್ದರೆ ಗೋಡೆಯನ್ನು ತೆಗೆಸುತ್ತಾರೆ. ಮೂರು ಗೋದಾಮಿನ ನೆಲವನ್ನೂ ಒಂದೇ ಅಳತೆಯ ಚೌಕಗಳಾಗಿ ಗೆರೆ ಹೊಡೆದು, ಯಾವ ಮಾಲಿನ ಎಷ್ಟನೆಯ ಮೂಟೆ ಯಾವ ಗೋದಾಮಿನ ಯಾವ ಚೌಕದಲ್ಲಿದೆ ಎಂದು ಖಾತೆಪುಸ್ತಕದಲ್ಲಿ ಬರೆಯುತ್ತಾರೆ. ರಾಶಿಗೆ ಜಾಗ ಸಾಲದಾದರೆ ಎಲ್ಲಿ ಖಾಲಿ ಚೌಕವಿದೆಯೋ ಅಲ್ಲಿ ಇರಿಸಿ ಖಾತೆಗೆ ಒಂದು ಸಾಲು ಸೇರಿಸಿದರೆ ಆಯಿತು. ನಾಳೆ ನಾಲ್ಕನೆಯ ಗೋದಾಮು ಕೊಂಡರೂ ಅದೂ ಚೌಕಗಳಾಗಿ ಅದೇ ಖಾತೆಗೆ ಸೇರುತ್ತದೆ.

ಎಲ್‌ವಿಎಂನಲ್ಲಿ ಗೋದಾಮಿಗೆ ಭೌತ ಸಂಪುಟವೆಂದು ಹೆಸರು, ಎಲ್ಲ ಗೋದಾಮುಗಳ ಒಕ್ಕೂಟಕ್ಕೆ ಸಂಪುಟ ಗುಂಪು, ಒಂದೊಂದು ಬಗೆಯ ಮಾಲಿಗೆ ಕೊಟ್ಟ ಜಾಗಕ್ಕೆ ತಾರ್ಕಿಕ ಸಂಪುಟ. ಚೌಕದ ಅಳತೆ ಸಾಮಾನ್ಯವಾಗಿ 4 ಮೆಗಾಬೈಟು. ನಮ್ಮ ಜೋಡಿಯಲ್ಲಿ ಇಂತಹ ಚೌಕಗಳು ಸುಮಾರು ಒಂಬತ್ತೂವರೆ ಲಕ್ಷ ಬಂದವು. (4 ಟೆರಾಬೈಟ್ ಎಂದು ಕೊಂಡ ಡಿಸ್ಕನ್ನು ಗಣಕ 3.6 ಎಂದು ತೋರಿಸಿದಾಗ ಯಜಮಾನರು ಅಂಗಡಿಯವನು ತೂಕದಲ್ಲಿ ಹೊಡೆದನೆಂದು ಸಿಟ್ಟಾದರು. ಮೋಸವೇನೂ ಇಲ್ಲ. ಮಾರುವವರು ಸಾವಿರದಿಂದ ಗುಣಿಸುತ್ತ ಹೋಗುತ್ತಾರೆ, ಗಣಕ 1,024ರಿಂದ. ನಾಲ್ಕು ಸಲ ಗುಣಿಸುವ ಹೊತ್ತಿಗೆ ಸೇರಿಗೂ ಕಿಲೋವಿಗೂ ಇದ್ದಂತಹ ಅಂತರ ಬಂದುಬಿಡುತ್ತದೆ.)

ಆಜ್ಞೆಗಳು ಮೂರು. 'ಪಿವಿಕ್ರಿಯೇಟ್' ಜೋಡಿಯನ್ನು ಭೌತ ಸಂಪುಟವಾಗಿ ಮಾಡಿತು. 'ವಿಜಿಕ್ರಿಯೇಟ್' ಗುಂಪನ್ನು ಕಟ್ಟಿತು. 'ಎಲ್‌ವಿಕ್ರಿಯೇಟ್' ಗುಂಪಿನೊಳಗೆ 'ಚಿತ್ರ' ಎಂಬ ತಾರ್ಕಿಕ ಸಂಪುಟವನ್ನು ಕೊಟ್ಟಿತು. ಅದರ ಮೇಲೆ 'ಎಕ್ಸ್‌ಟ್4' ಎಂಬ ಕಡತವ್ಯವಸ್ಥೆಯನ್ನು ಹಾಸಿದೆವು. ಸಂಪುಟವೆಂಬುದು ಬರಿಯ ನೆಲ. ಅದರ ಮೇಲೆ ಕಪಾಟು, ಸಾಲು, ಹೆಸರುಪಟ್ಟಿಗಳನ್ನು ಏರ್ಪಡಿಸುವುದು ಕಡತವ್ಯವಸ್ಥೆಯ ಕೆಲಸ. ನೆಲ ಬೇರೆ, ಕಪಾಟು ಬೇರೆ. ಈ ಭೇದವನ್ನು ಓದುಗರು ಮನಸ್ಸಿನಲ್ಲಿಡಬೇಕೆಂದು ಕೋರುತ್ತೇವೆ. ನಾವು ಅದನ್ನು ಒಂದು ರಾತ್ರಿ ಮರೆತದ್ದರ ಫಲ ಮುಂದೆ ಬರಲಿದೆ.

ಗಣಕ ಚಾಲೂ ಆದಾಗಲೆಲ್ಲ 'ಚಿತ್ರ' ತಾನಾಗಿ ತೆರೆದುಕೊಳ್ಳಬೇಕಾದರೆ 'ಎಫ್‌ಎಸ್‌ಟ್ಯಾಬ್' ಎಂಬ ಕಡತದಲ್ಲಿ ಒಂದು ಸಾಲು ಬರೆಯಬೇಕು. ಅಲ್ಲಿ ಸಂಪುಟದ ಶಾಶ್ವತ ಗುರುತುಸಂಖ್ಯೆಯನ್ನು ಬರೆದು, 'ನೋಫೇಲ್' ಎಂಬ ಪದವನ್ನೂ ಸೇರಿಸಿದೆವು. ಅದಿಲ್ಲದಿದ್ದರೆ ಡಿಸ್ಕು ಸಿಕ್ಕದ ದಿನ ಗಣಕ ಬಾಗಿಲಿನಲ್ಲಿಯೇ ನಿಂತುಬಿಡುವುದು. ಸಾಲನ್ನು ಬರೆದ ಮೇಲೆ, ಗಣಕವನ್ನು ಮತ್ತೆ ಚಾಲೂ ಮಾಡುವ ಮುನ್ನವೇ 'ಮೌಂಟ್' ಆಜ್ಞೆಯಿಂದ ಪರೀಕ್ಷಿಸಿ ನೋಡುವ ಅಭ್ಯಾಸ ಒಳ್ಳೆಯದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತು ಹೇಳದೆ ಹೋಗುವುದರಿಂದ ಯುಪಿಎಸ್ ಪೆಟ್ಟಿಗೆಯೊಂದನ್ನೂ ಇರಿಸಿದೆವು.

ಏಳು ಬಿಡಿ ಡಿಸ್ಕುಗಳಿಂದ ಚಿತ್ರಗಳನ್ನು ಸುರಿದು ಮುಗಿಸುವುದಕ್ಕೆ ಒಂದು ವಾರ ಹಿಡಿಯಿತು. ಅವುಗಳಲ್ಲಿ ಇನ್ನೂ ಒಂದು ಆಗಲೇ ಕೆಮ್ಮಲು ಆರಂಭಿಸಿತ್ತು. ಅದರಲ್ಲಿದ್ದುದನ್ನು ಮೊದಲು ಉಳಿಸಿಕೊಂಡೆವು.

ಇನ್ನು ತಪ್ಪಿನ ಕಥೆ.

ಎಲ್‌ವಿಎಂ ಕಟ್ಟಿದಾಗ ಹುಮ್ಮಸ್ಸಿನಲ್ಲಿ ಇದ್ದ ಚೌಕಗಳನ್ನೆಲ್ಲ 'ಚಿತ್ರ' ಸಂಪುಟಕ್ಕೆ ಕೊಟ್ಟುಬಿಟ್ಟಿದ್ದೆವು. ಅನುಭವಿಗಳು ಹೀಗೆ ಮಾಡುವುದಿಲ್ಲ. ಇಂದಿಗೆ ಬೇಕಾದಷ್ಟು ಕೊಟ್ಟು ಉಳಿದುದನ್ನು ಗುಂಪಿನಲ್ಲಿ ಬಿಡಿಯಾಗಿ ಇಟ್ಟುಕೊಳ್ಳುತ್ತಾರೆ, ಏಕೆಂದರೆ ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಅಪಾಯ. ಕೆಲವು ತಿಂಗಳ ಮೇಲೆ ಯಜಮಾನರಿಗೆ ಮದುವೆಯ ಚಲಚ್ಚಿತ್ರಗಳಿಗಾಗಿ ಬೇರೆ ಸಂಪುಟ ಬೇಕಾಯಿತು. ನಮಗೂ ಕ್ಷಣಚಿತ್ರದ ಸೌಕರ್ಯಕ್ಕೆ ಸ್ವಲ್ಪ ಬಿಡಿ ಜಾಗ ಬೇಕಿತ್ತು. ಕ್ಷಣಚಿತ್ರವೆಂದರೆ ಸಂಪುಟವು ಆ ಘಳಿಗೆಯಲ್ಲಿ ಹೇಗಿತ್ತೋ ಹಾಗೆ ಅದನ್ನು ಹಿಡಿದಿಡುವ ಉಪಾಯ. ಎಲ್ಲವನ್ನೂ ನಕಲು ಮಾಡದೆ, ಮುಂದೆ ಬದಲಾಗುವ ತುಣುಕುಗಳ ಹಳೆಯ ರೂಪವನ್ನು ಮಾತ್ರ ಪಕ್ಕಕ್ಕೆ ತೆಗೆದಿಡುತ್ತದೆ. ಸ್ಟುಡಿಯೋದವರಿಗೆ ಈ ಹೆಸರು ಬಹಳ ಹಿಡಿಸಿತು.

ಕಾಲೇಜಿನ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ದಿನವಿಡೀ ತಿದ್ದಿ, ರಾತ್ರಿ ಎಂಟು ಗಂಟೆಗೆ ಅಂಗಡಿಗೆ ಹೋದೆವು. ಕುಗ್ಗಿಸುವಾಗ ಮೊದಲು ಕಡತವ್ಯವಸ್ಥೆಯನ್ನು ಕುಗ್ಗಿಸಬೇಕು, ಆಮೇಲೆ ಸಂಪುಟವನ್ನು. ಹಿಗ್ಗಿಸುವಾಗ ಅದರ ತಿರುಗುಮುರುಗು: ಮೊದಲು ಸಂಪುಟ, ಆಮೇಲೆ ಕಡತವ್ಯವಸ್ಥೆ. ಗೋದಾಮಿನ ನೆಲವನ್ನು ಬಿಟ್ಟುಕೊಡುವ ಮುನ್ನ ಅಲ್ಲಿನ ಮೂಟೆಗಳನ್ನು ಸರಿಸಬೇಕೆಂಬುದು ಯಾರಿಗೆ ತಿಳಿಯದು? ತರಗತಿಯಲ್ಲಿ ಇದನ್ನು ವಿವರಿಸಿದ್ದ ನಾವೇ ಆ ರಾತ್ರಿ 'ಎಲ್‌ವಿರೆಡ್ಯೂಸ್' ಆಜ್ಞೆಯನ್ನು ಮೊದಲು ಹೊಡೆದೆವು. ನಿಮ್ಮ ಮಾಹಿತಿ ನಾಶವಾಗಬಹುದೆಂದು ಗಣಕವು ದಪ್ಪ ಅಕ್ಷರಗಳಲ್ಲಿ ಎಚ್ಚರಿಸಿ, ಹೌದೋ ಅಲ್ಲವೋ ಎಂದು ಕೇಳಿತು. ಕೈ ಅಭ್ಯಾಸಬಲದಿಂದ ಹೌದೆಂದು ಒತ್ತಿತು. (ಇತ್ತೀಚಿನ ಆವೃತ್ತಿಗಳು ಮೇಲಿರುವ ಕಡತವ್ಯವಸ್ಥೆಯ ಅಳತೆಯನ್ನು ತಾವೇ ನೋಡಿ ತಡೆಯುತ್ತವೆ. ನಮ್ಮದು ಹಳೆಯದು.) ಒಂದೂವರೆ ಲಕ್ಷಕ್ಕೂ ಹೆಚ್ಚು ಚೌಕಗಳು ಒಂದು ಕ್ಷಣದಲ್ಲಿ 'ಚಿತ್ರ'ದಿಂದ ಕಳಚಿಹೋದವು. ಆ ಚೌಕಗಳಲ್ಲಿ ಯಾರ ಯಾರ ಮದುವೆ ಇತ್ತೋ ಯಾರು ಬಲ್ಲರು?

ಸಂಪುಟವನ್ನು ತೆರೆಯಲು ಹೋದರೆ ಗಣಕ ಒಪ್ಪಲಿಲ್ಲ. ಕಡತವ್ಯವಸ್ಥೆಯ ಲೆಕ್ಕದಲ್ಲಿ ಇರುವ ಜಾಗ ಹೆಚ್ಚು, ನೆಲ ಕಡಮೆ. ಆದ್ದರಿಂದ ತೆರೆಯೆನು ಎಂದಿತು. ಯಜಮಾನರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದರು. "ಏನಾಯ್ತು ಮೇಷ್ಟ್ರೇ?" ಎಂದರು. ನಾವು ನಿಜ ಹೇಳಿದೆವು. ಅವರು ಸುಮ್ಮನೆ ಎದ್ದು ಕೆಳಗೆ ಹೋಗಿ ಎರಡು ಲೋಟ ಕಾಫಿ ತಂದರು. ಬೈದಿದ್ದರೆ ಮೇಲಾಗಿತ್ತು.

ಈ ಹಂತದಲ್ಲಿ ಅನೇಕರು ಮಾಡುವ ಎರಡನೆಯ ತಪ್ಪು ಮೊದಲನೆಯದಕ್ಕಿಂತ ಘೋರ. ಕಡತವ್ಯವಸ್ಥೆಯನ್ನು ದುರಸ್ತಿ ಮಾಡುವ ಸಲಕರಣೆಯನ್ನು ಓಡಿಸಿ, ಅದು ಕೇಳಿದ್ದಕ್ಕೆಲ್ಲ ಹೌದು ಹೌದು ಎನ್ನುತ್ತ ಹೋಗುವುದು. ನೆಲವೇ ಇಲ್ಲದ ಕಡತಗಳನ್ನು ಅದು ಕೆಟ್ಟವೆಂದು ತಿಳಿದು ಪಟ್ಟಿಯಿಂದ ಹೊಡೆದುಹಾಕುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲೊಬ್ಬನು ಆಗಲೇ ಕೀಲಿಮಣೆಗೆ ಕೈ ಹಾಕಿದ್ದನು, ತಡೆದೆವು. ಯೋಚಿಸಿ ನೋಡಿದಾಗ ಹೊಳೆದುದು ಇಷ್ಟು: ಎಲ್‌ವಿರೆಡ್ಯೂಸ್ ಆಜ್ಞೆಯು ತಟ್ಟೆಯ ಮೇಲಿನ ಕಾಂತಗಳನ್ನು ಮುಟ್ಟಿಯೇ ಇಲ್ಲ. ಅದು ಬದಲಾಯಿಸಿದ್ದು ಖಾತೆಪುಸ್ತಕದ ಒಂದು ಸಾಲನ್ನು ಮಾತ್ರ. ಮೂಟೆಗಳು ಇದ್ದ ಚೌಕದಲ್ಲಿಯೇ ಇವೆ. "ಈ ಚೌಕ ಖಾಲಿ" ಎಂದು ಬರೆದುಕೊಂಡಿದೆ, ಅಷ್ಟೆ. ಅಲ್ಲಿ ಬೇರೆ ಯಾವುದನ್ನೂ ಇರಿಸುವ ಮುನ್ನ ಹಳೆಯ ಖಾತೆ ಸಿಕ್ಕಿದರೆ ಎಲ್ಲವೂ ಉಳಿಯಿತು.

ಹಳೆಯ ಖಾತೆ ಸಿಕ್ಕಿತು. ಎಲ್‌ವಿಎಂ ಪ್ರತಿಯೊಂದು ಬದಲಾವಣೆಗೆ ಮುನ್ನ ತನ್ನ ಖಾತೆಯ ಒಂದು ಪ್ರತಿಯನ್ನು ವ್ಯವಸ್ಥೆಯ ಡಿಸ್ಕಿನ ಸಂಗ್ರಹದಲ್ಲಿ ತೆಗೆದಿಡುತ್ತದೆ. ನಾವು ಅದಕ್ಕೆಂದು ಪ್ರತ್ಯೇಕ ಡಿಸ್ಕು ಇರಿಸಿದ್ದೆವಷ್ಟೆ. ಪಟ್ಟಿ ತೆಗೆಸಿದಾಗ ಕೊನೆಯ ಪ್ರತಿಯ ಮೇಲೆ, ಎಲ್‌ವಿರೆಡ್ಯೂಸ್ ಆಜ್ಞೆಯನ್ನು ನಡೆಸುವ ಮುನ್ನ ತೆಗೆದದ್ದು ಎಂಬ ಷರಾ ಸಹ ಇತ್ತು. ನಮ್ಮ ತಪ್ಪಿನ ಹೆಸರನ್ನು ಗಣಕ ತಾರೀಖು ಸಮೇತ ಬರೆದಿಟ್ಟಿತ್ತು! ಸಂಪುಟವನ್ನು ನಿಷ್ಕ್ರಿಯಗೊಳಿಸಿ, 'ವಿಜಿಸಿಎಫ್‌ಜಿರಿಸ್ಟೋರ್' ಆಜ್ಞೆಯಿಂದ ಆ ಪ್ರತಿಯನ್ನು ಮರಳಿ ಜಾರಿಗೆ ತಂದು, ಸಂಪುಟವನ್ನು ಮತ್ತೆ ಎಬ್ಬಿಸಿದೆವು. ಕಡತವ್ಯವಸ್ಥೆಯನ್ನು ಏನನ್ನೂ ಬರೆಯದೆ ಓದಿ ಮಾತ್ರ ಪರೀಕ್ಷಿಸಬೇಕೆಂದು ಹೇಳಿ ಕಾದೆವು. ದೋಷವಿಲ್ಲ ಎಂದು ಬಂದಿತು. ಓದುವುದಕ್ಕೆ ಮಾತ್ರ ತೆರೆದು, ಬೇರೆ ಬೇರೆ ವರ್ಷಗಳ ನಲವತ್ತು ಚಿತ್ರಗಳನ್ನು ಒಂದೊಂದಾಗಿ ಕಣ್ಣಾರೆ ನೋಡಿದೆವು. ಎಲ್ಲವೂ ಇದ್ದವು. ಕಾಫಿ ತಣ್ಣಗಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ತಿರುಗುವ ತಟ್ಟೆಯಿಲ್ಲದ, ಅರೆವಾಹಕ ಸ್ಮೃತಿಯ ಹೊಸ ಬಗೆಯ ಡಿಸ್ಕುಗಳಲ್ಲಿ, ಬಿಟ್ಟುಕೊಟ್ಟ ಜಾಗವನ್ನು ಕೂಡಲೆ ಅಳಿಸುವಂತೆ ಎಲ್‌ವಿಎಂ ಅನ್ನು ಸಂರಚಿಸಬಹುದು. ಹಾಗೆ ಮಾಡಿದ್ದಿದ್ದರೆ ಹಳೆಯ ಖಾತೆ ಸಿಕ್ಕಿಯೂ ಫಲವಿರುತ್ತಿರಲಿಲ್ಲ.

ಮರುದಿನ ಭಾನುವಾರ, ನಿದ್ರೆ ಮಾಡಿ ಎದ್ದ ತಲೆಯಿಂದ, ಸರಿಯಾದ ಕ್ರಮದಲ್ಲಿ ಕುಗ್ಗಿಸಿದೆವು: ಕಡತವ್ಯವಸ್ಥೆಯನ್ನು ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ಕುಗ್ಗಿಸಿ, ಸಂಪುಟವನ್ನು 3 ಟೆರಾಬೈಟಿಗೆ ಇಳಿಸಿ, ತರುವಾಯ ಕಡತವ್ಯವಸ್ಥೆಯನ್ನು ಸಂಪುಟದ ಅಂಚಿನವರೆಗೆ ಮತ್ತೆ ಹಿಗ್ಗಿಸಿದೆವು. ಆಜ್ಞೆಗೆ ಒಂದು ಸಣ್ಣ ಸೂಚನೆ ಸೇರಿಸಿದರೆ ಎಲ್‌ವಿಎಂ ತಾನೇ ಎರಡನ್ನೂ ಕ್ರಮವಾಗಿ ಮಾಡಿಕೊಳ್ಳುತ್ತದೆ. ಆದರೂ ವಿದ್ಯಾರ್ಥಿಗಳು ಒಮ್ಮೆ ಕೈಯಾರೆ ಮಾಡಿ ನೋಡಲೆಂದು ನಮ್ಮ ಇಚ್ಛೆಯಿತ್ತು.

ಆದರೆ ಅದಕ್ಕೆ ಮುಂಚೆ, ಆ ಭಾನುವಾರ ಬೆಳಿಗ್ಗೆ ಮಾಡಿದ ಮೊದಲ ಕೆಲಸ ಬೇರೆಯೇ. ಪ್ರತಿಬಿಂಬವಿದೆಯೆಂಬ ಧೈರ್ಯದಲ್ಲಿ ನಾವು ಮೂರನೆಯ ಪ್ರತಿಯನ್ನು ಮಾಡಿರಲೇ ಇಲ್ಲ. ಕನ್ನಡಿಯ ಮುಂದೆ ಮುಖಕ್ಕೆ ಮಸಿ ಬಳಿದುಕೊಂಡರೆ ಕನ್ನಡಿಯೊಳಗಿನ ಮುಖಕ್ಕೂ ಮಸಿ ಹತ್ತುತ್ತದೆ: ನಮ್ಮ ತಪ್ಪು ಆಜ್ಞೆಯನ್ನು ಎರಡು ಡಿಸ್ಕುಗಳೂ ನಿಷ್ಠೆಯಿಂದ ಪಾಲಿಸಿದ್ದವು. ಡಿಸ್ಕಿನ ಸಾವಿಗೆ ಪ್ರತಿಬಿಂಬ ಮದ್ದು. ಮನುಷ್ಯನ ಕೈತಪ್ಪಿಗೆ, ಕಳ್ಳನಿಗೆ, ಬೆಂಕಿಗೆ, ನೀರಿಗೆ ಅಲ್ಲ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ನಗರದ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದನ್ನು ನಮ್ಮೂರಿನ ಓದುಗರು ಮರೆತಿರಲಾರರು. ಒಂದೇ ಕಟ್ಟಡದಲ್ಲಿರುವ ಎರಡು ಪ್ರತಿಗಳು ನೀರಿನ ಪಾಲಿಗೆ ಒಂದೇ ಪ್ರತಿ.

ಯಜಮಾನರ ಮಗಳ ಮನೆ ಭದ್ರಾವತಿಯಲ್ಲಿದೆ, ಇಲ್ಲಿಂದ ಸುಮಾರು 20 ಕಿಲೋಮೀಟರು, ಬೇರೆ ನದಿಯ ದಡದಲ್ಲಿ. ಈಗ ಎರಡು ಬಿಡಿ ಡಿಸ್ಕುಗಳು ಸರದಿಯ ಮೇಲೆ ಓಡಾಡುತ್ತವೆ. ಒಂದು ಇಲ್ಲಿ ನಕಲು ತುಂಬಿಸಿಕೊಳ್ಳುವಾಗ ಇನ್ನೊಂದು ಅಲ್ಲಿ ಬೀರುವಿನಲ್ಲಿರುತ್ತದೆ. ಮೊದಲು 'ಚಿತ್ರ'ದ ಕ್ಷಣಚಿತ್ರ ತೆಗೆದು, ಅದರಿಂದ ನಕಲು ಮಾಡಿ, ಕ್ಷಣಚಿತ್ರವನ್ನು ಅಳಿಸುತ್ತೇವೆ; ನಕಲು ನಡೆಯುತ್ತಿರುವಾಗ ಅಂಗಡಿಯಲ್ಲಿ ಹೊಸ ಚಿತ್ರಗಳು ಸೇರುತ್ತಿದ್ದರೂ ತೊಂದರೆಯಿಲ್ಲ. ಲಿನಕ್ಸಿನ ಡೆಬಿಯನ್ ಬಳಗದಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಪ್ರತಿಬಿಂಬದ ಎರಡು ಡಿಸ್ಕುಗಳನ್ನೂ ತಾಳೆ ನೋಡುವ ಏರ್ಪಾಡು ತಾನಾಗಿಯೇ ಇರುತ್ತದೆ. ಆ ದಿನವೇ ಯಜಮಾನರು ಡಿಸ್ಕನ್ನು ಹಳೆಯ ಟವಲಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿರಿಸಿ, ಭದ್ರಾವತಿಯ ಬಸ್ಸು ಹತ್ತುತ್ತಾರೆ. ಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಳ್ಳುತ್ತಾರಂತೆ. ಮೇಲಿನ ಹಲಗೆಯ ಮೇಲೆ ಇಡುವುದಿಲ್ಲವಂತೆ.

ತೀರ್ಥಹಳ್ಳಿಯ ಹೆಣ್ಣುಮಗಳ ಡಿಸ್ಕು ಇನ್ನೂ ಅಂಗಡಿಯ ಮೇಜಿನ ಎಳೆಪೆಟ್ಟಿಗೆಯಲ್ಲಿದೆ. ಇಂತಹ ಡಿಸ್ಕುಗಳನ್ನು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ, ಶಿರವನ್ನು ಬದಲಾಯಿಸಿ ಓದಿಸುವವರು ಬೆಂಗಳೂರಿನಲ್ಲಿ ಉಂಟು. ಖರ್ಚು ಬಹಳ, ಸಿಕ್ಕೀತೆಂಬ ಭರವಸೆಯೂ ಇಲ್ಲ. ಮೊನ್ನೆ ಯಜಮಾನರು ಅದನ್ನು ಕಳುಹಿಸಲೆಂದು ಥರ್ಮೋಕೋಲಿನ ಪೆಟ್ಟಿಗೆಯೊಂದನ್ನು ಹುಡುಕುತ್ತಿದ್ದರು.